ಹೋಟಲಿನ ಯಜಮಾನನೂ ಭೃತ್ಯಋಣವೂ

ಅನ್ನವನ್ನು ಮಾರುವುದು ನಮ್ಮ ಪೂರ್ವಿಕರ ಮನಸ್ಸಿಗೆ ಒಪ್ಪಿದ ವೃತ್ತಿಯಾಗಿರಲಿಲ್ಲ. ಬ್ರಾಹ್ಮಣನು ಆಪತ್ಕಾಲದಲ್ಲಿ ವ್ಯಾಪಾರದಿಂದ ಜೀವಿಸಬೇಕಾಗಿ ಬಂದರೂ ಮಾರಕೂಡದೆಂದು ಮನುಸ್ಮೃತಿಯು ಹೇಳಿರುವ ಪದಾರ್ಥಗಳ ಸಾಲಿನಲ್ಲಿ ಬೇಯಿಸಿದ ಅನ್ನವೂ ಸೇರಿದೆ. ಹಸಿದು ಬಂದವನಿಗೆ ಇಕ್ಕತಕ್ಕದ್ದೇ ಹೊರತು ಅಳೆದು ಬೆಲೆ ಕಟ್ಟತಕ್ಕದ್ದಲ್ಲವೆಂಬ ಭಾವನೆಯು ಈ ನಿಷೇಧದ ಹಿಂದೆ ಇದ್ದಿರಬೇಕು. ಆದರೆ ಕಾಲಗತಿಯ ವಿನೋದವನ್ನು ನೋಡಬೇಕು. 20ನೆಯ ಶತಮಾನದ ಆದಿಭಾಗದಲ್ಲಿ ಮದರಾಸು, ಬೆಂಗಳೂರು, ಬೊಂಬಾಯಿ ಮೊದಲಾದ ಪಟ್ಟಣಗಳಿಗೆ ಹೋಗಿ ಅನ್ನದ ಅಂಗಡಿಗಳನ್ನು ತೆರೆದವರಲ್ಲಿ ಮುಂದಾಳುಗಳಾದವರು ಉಡುಪಿ ಕುಂದಾಪುರಗಳ ಕಡೆಯ ಬಡ ಬ್ರಾಹ್ಮಣ ಕುಟುಂಬಗಳವರೇ. ಮಠಗಳ ಮತ್ತು ದೇವಸ್ಥಾನಗಳ ಪಾಕಶಾಲೆಯಲ್ಲಿ ಕಲಿತ ವಿದ್ಯೆಯೊಂದೇ ಅವರಲ್ಲಿ ಬಹುಮಂದಿಯ ಬಂಡವಾಳವಾಗಿತ್ತು. ಹೊಟ್ಟೆಯ ತಾಪವು ಸ್ಮೃತಿಯ ನಿಷೇಧವನ್ನು ಗೆದ್ದಿತು. ಗೆದ್ದುದರಲ್ಲಿ ತಪ್ಪೇನೂ ಇಲ್ಲ. ಊರು ಬಿಟ್ಟು ಊರಿಗೆ ಬಂದ ಗುಮಾಸ್ತನಿಗೂ ವಿದ್ಯಾರ್ಥಿಗೂ ಕೂಲಿಯವನಿಗೂ ಶುಚಿಯಾದ ಆಹಾರವು ಮಿತವಾದ ಬೆಲೆಗೆ ದೊರಕುವಂತಾದುದು ಸಣ್ಣ ಉಪಕಾರವಲ್ಲ.

ಅನ್ನದ ವಿಷಯದಲ್ಲಿ ನಮ್ಮವರು ಬಹುಕಾಲ ಕೇಳಿದ ಪ್ರಶ್ನೆ, ಬೇಯಿಸಿದವನು ಯಾರು, ಮುಟ್ಟಿದವನು ಯಾರು ಎಂಬುದು. ಈ ಪ್ರಶ್ನೆಗಾಗಿಯೇ ಹಿಂದಿನ ಅನೇಕ ಹೋಟಲುಗಳಲ್ಲಿ ಪಂಕ್ತಿಭೇದವಿದ್ದಿತು. ಬಾಗಿಲ ಮೇಲಣ ಫಲಕದಲ್ಲಿಯೇ ಜಾತಿಯ ಹೆಸರಿರುತ್ತಿತ್ತು. ಎರಡನೆಯ ಪ್ರಶ್ನೆ, ಯಾರು ಒಳಗೆ ಬಂದು ಕುಳಿತು ಉಣ್ಣಬಹುದು ಎಂಬುದು. ಇದಕ್ಕೆ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಉತ್ತರವಿತ್ತಿತು. ಮತ, ಜಾತಿ, ಲಿಂಗ, ಜನ್ಮಸ್ಥಾನಗಳ ನೆಪದಿಂದ ಯಾರನ್ನೂ ಹೋಟಲಿನ ಬಾಗಿಲಲ್ಲಿ ತಡೆಯಕೂಡದೆಂದು ವಿಧಿಸಿತು. ಮುಂಬಾಗಿಲು ಹೀಗೆ ತೆರೆಯಿತು. ಹಿಂಬಾಗಿಲ ಕಡೆಯ ಪ್ರಶ್ನೆಯು ಮಾತ್ರ ಇನ್ನೂ ಅರ್ಧ ಕೇಳಿದಂತೆ ನಿಂತಿದೆ. ಬೆಳಗಿನ ನಾಲ್ಕು ಗಂಟೆಗೆ ಒಲೆ ಹಚ್ಚುವವನು, ಎಂಜಲೆಲೆ ತೆಗೆಯುವವನು, ಲೋಟ ತೊಳೆದು ತೊಳೆದು ಬೆರಳುಗಳ ಸಂದು ಬಿಳಿಚಿಕೊಂಡವನು, ಇವರೆಲ್ಲ ಹೇಗೆ ಬದುಕುತ್ತಾರೆ? ಅವರಿಗೆ ಯಜಮಾನನು ಸಲ್ಲಿಸಬೇಕಾದುದು ಏನು? ಸಲ್ಲಿಸುವುದಾದರೆ ಅದು ಆತನ ಔದಾರ್ಯವೋ, ಜಾಣತನವೋ, ತೀರಿಸಲೇಬೇಕಾದ ಋಣವೋ?

ಜಾಣತನವೆಂಬ ಪಕ್ಷವನ್ನು ಮೊದಲು ನೋಡಬಹುದು. ಈ ಪಕ್ಷದವರು ಹೇಳುವುದೇನೆಂದರೆ: ಆಳನ್ನು ಚೆನ್ನಾಗಿ ನೋಡಿಕೊಂಡರೆ ಅವನು ಬಿಟ್ಟುಹೋಗುವುದಿಲ್ಲ, ಹೊಸಬನಿಗೆ ಕಲಿಸುವ ಕಷ್ಟ ತಪ್ಪುತ್ತದೆ, ಸಾರಿನ ರುಚಿ ದಿನದಿನಕ್ಕೆ ಬದಲಾಗುವುದಿಲ್ಲ, ಗಲ್ಲಾಪೆಟ್ಟಿಗೆಯಲ್ಲಿಯೂ ಉಗ್ರಾಣದಲ್ಲಿಯೂ ಸೋರಿಕೆಯಿರುವುದಿಲ್ಲ. ಇದೆಲ್ಲ ನಿಜವೇ. ಹೋಟಲು ನಡೆಸಿದವರನ್ನು ಯಾರನ್ನು ಕೇಳಿದರೂ ನುರಿತ ಅಡಿಗೆಯವನು ಹೇಳದೆ ಕೇಳದೆ ಬಿಟ್ಟುಹೋದ ದಿನದ ಫಜೀತಿಯನ್ನು ವರ್ಣಿಸಿಯಾರು. ವೈಶ್ಯಧರ್ಮದಲ್ಲಿ ಲಾಭಾಪೇಕ್ಷೆಯು ನಿಷಿದ್ಧವಲ್ಲವಾದ ಕಾರಣ, ಲಾಭಕ್ಕಾಗಿ ಆಳನ್ನು ಚೆನ್ನಾಗಿ ನೋಡಿಕೊಂಡನೆಂದು ಯಜಮಾನನನ್ನು ಹಳಿಯಬೇಕಾಗಿಯೂ ಇಲ್ಲ. ಆದರೆ ಈ ಹೇತುವು ಎಲ್ಲಿಯವರೆಗೆ ನಿಲ್ಲುತ್ತದೆ? ಆಳಿನಿಂದ ಲಾಭವಿರುವವರೆಗೆ. ಕೈ ನಡುಗತೊಡಗಿದ ಮುದುಕನ ಎದುರಿಗೆ ಬಂದಾಗ ಈ ಯುಕ್ತಿಯು ಮೌನವನ್ನು ತಾಳುತ್ತದೆ. ಆದುದರಿಂದ ಜಾಣತನವು ಸದ್ವರ್ತನೆಯ ಗೆಳೆಯನಾಗಬಹುದೇ ಹೊರತು ಅದರ ಆಧಾರವಾಗಲಾರದು.

ಔದಾರ್ಯವೆಂಬ ಪಕ್ಷಕ್ಕೆ ನಮ್ಮ ದೇಶದಲ್ಲಿ ಗೌರವ ಹೆಚ್ಚು. ಹಬ್ಬಕ್ಕೆ ಹೊಸಬಟ್ಟೆ, ಮದುವೆಗೆ ಮುಯ್ಯಿ, ಕಾಯಿಲೆಯಾದರೆ ಔಷಧದ ಖರ್ಚು, ಇವುಗಳನ್ನು ಕೊಡುವ ಯಜಮಾನನನ್ನು ಧರ್ಮಾತ್ಮನೆನ್ನುತ್ತಾರೆ. ಕೊಡುವುದು ಒಳ್ಳೆಯದೇ. ಆದರೆ ದಾನಕ್ಕೂ ಋಣಕ್ಕೂ ಇರುವ ಭೇದವನ್ನು ಮರೆಯಬಾರದು. ದಾನವನ್ನು ಕೊಡದಿದ್ದರೆ ಪುಣ್ಯವಿಲ್ಲ. ಋಣವನ್ನು ತೀರಿಸದಿದ್ದರೆ ಪಾಪವುಂಟು. ದಾನದ ಕಾಲವನ್ನೂ ಮೊತ್ತವನ್ನೂ ಕೊಡುವವನೇ ಗೊತ್ತುಮಾಡುತ್ತಾನೆ. ಋಣದ ಕಾಲವೂ ಮೊತ್ತವೂ ಮೊದಲೇ ಗೊತ್ತಾಗಿರುತ್ತವೆ. ದಾನ ಪಡೆದವನು ಕೈಮುಗಿಯಬೇಕು. ಸಾಲ ಹಿಂದಕ್ಕೆ ಪಡೆದವನು ಕೈಮುಗಿಯಬೇಕಾಗಿಲ್ಲ. ಸಂಬಳವನ್ನು ಕಡಿಮೆಮಾಡಿ ಹಬ್ಬದ ಪಂಚೆಯನ್ನು ದೊಡ್ಡದು ಮಾಡಿದ ಯಜಮಾನನು ಋಣವನ್ನೇ ದಾನದ ಬಟ್ಟೆಯಲ್ಲಿ ಸುತ್ತಿ ಕೊಟ್ಟಂತಾಯಿತು.

ನಮ್ಮ ಶಾಸ್ತ್ರಗಳು ಈ ವಿಷಯದಲ್ಲಿ ಲೋಕವು ತಿಳಿದಿರುವುದಕ್ಕಿಂತ ನಿಷ್ಠುರವಾಗಿವೆ. ಅತಿಥಿಗಳೂ ಬಂಧುಗಳೂ ಭೃತ್ಯರೂ ಉಂಡ ಮೇಲೆ ಉಳಿದುದನ್ನು ಗೃಹಸ್ಥ ದಂಪತಿಗಳು ಉಣ್ಣಬೇಕೆಂದು ಮನುವು ವಿಧಿಸುತ್ತಾನೆ. ಆಪಸ್ತಂಬ ಧರ್ಮಸೂತ್ರವು ಇನ್ನೂ ಮುಂದೆ ಹೋಗಿ, ಅಭಾವ ಬಂದಾಗ ಗೃಹಸ್ಥನು ತನಗಾಗಲಿ ಹೆಂಡತಿಗಾಗಲಿ ಮಗನಿಗಾಗಲಿ ಕಡಿಮೆಮಾಡಿಕೊಳ್ಳಬಹುದು, ಕೆಲಸ ಮಾಡುವ ಆಳಿಗೆ ಮಾತ್ರ ಕಡಿಮೆಮಾಡಕೂಡದು ಎಂಬರ್ಥದ ಮಾತನ್ನು ಹೇಳುತ್ತದೆ. ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನನ್ನು ಕೇಳುವ ಕುಶಲಪ್ರಶ್ನೆಗಳಲ್ಲಿ ಸೈನಿಕರ ಅನ್ನವನ್ನೂ ವೇತನವನ್ನೂ ಹೊತ್ತಿಗೆ ಸರಿಯಾಗಿ ಕೊಡುತ್ತಿರುವೆಯಾ ಎಂಬುದೂ ಒಂದು. ಕೌಟಿಲ್ಯನಂತೂ, ವೇತನವನ್ನು ಮೊದಲೇ ಗೊತ್ತುಮಾಡದಿದ್ದಲ್ಲಿ ಕೃಷಿಕನ ಆಳಿಗೆ ಬೆಳೆಯಲ್ಲಿ, ಗೋಪಾಲಕನಿಗೆ ತುಪ್ಪದಲ್ಲಿ, ವರ್ತಕನ ಆಳಿಗೆ ಸರಕಿನಲ್ಲಿ ಹತ್ತನೆಯ ಒಂದು ಪಾಲು ಸಲ್ಲುವುದೆಂದು ಲೆಕ್ಕವನ್ನೇ ಕಟ್ಟಿಟ್ಟಿದ್ದಾನೆ. ಶುಕ್ರನೀತಿಯಲ್ಲಿ ರೋಗಿಯಾದ ಭೃತ್ಯನಿಗೂ ವೇತನದ ಅಂಶವುಂಟು. ನಲವತ್ತು ವರ್ಷ ಸೇವೆಮಾಡಿದವನಿಗೆ ಕೆಲಸವಿಲ್ಲದೆಯೇ ಅರ್ಧ ವೇತನವುಂಟು. (ಈ ಗ್ರಂಥವು ನಿಜವಾಗಿಯೂ ಎಷ್ಟು ಹಳೆಯದೆಂಬ ವಿಷಯದಲ್ಲಿ ಪಂಡಿತರಲ್ಲಿ ವಿವಾದವಿದೆ, ಹಳೆಯದಲ್ಲದಿದ್ದರೆ ಧರ್ಮವು ಕೆಡುವುದಿಲ್ಲ.) ಇದೇ ಶಾಸ್ತ್ರಗಳು ದಾಸನನ್ನೂ ಶೂದ್ರನನ್ನೂ ಕುರಿತು ಹೇಳಿರುವ ಕಠೋರ ವಚನಗಳನ್ನು ಮರೆಮಾಚಿ ಇವನ್ನಷ್ಟೇ ಎತ್ತಿಹಿಡಿಯುವುದು ಪ್ರಾಮಾಣಿಕತೆಯಲ್ಲ. ಆದರೂ ಇವು ಇವೆ. ಮತ್ತು ಇವುಗಳಲ್ಲಿ ಎಲ್ಲಿಯೂ ದಯೆಯ ಮಾತಿಲ್ಲ, ಸಲ್ಲತಕ್ಕದ್ದರ ಮಾತಿದೆ.

ಒಂದು ಹೋಟಲಿನ ಧರ್ಮಾಧರ್ಮವನ್ನು ತಿಳಿಯಬೇಕಾದರೆ ಅಲ್ಲಿಯ ಆಳುಗಳು ಯಾವಾಗ, ಏನನ್ನು, ಎಲ್ಲಿ ಉಣ್ಣುತ್ತಾರೆಂಬುದನ್ನು ನೋಡಿದರೆ ಸಾಕು. ಬೆಳಿಗ್ಗೆ ನಾಲ್ಕಕ್ಕೆ ಎದ್ದವನು ಇಡ್ಲಿಯ ಹಬೆಯನ್ನು ಮುಖಕ್ಕೆ ತಾಗಿಸಿಕೊಂಡು ನೂರು ಜನರಿಗೆ ಬಡಿಸಿ ಹನ್ನೊಂದು ಗಂಟೆಗೆ ತಣ್ಣಗಾದ ಉಪ್ಪಿಟ್ಟಿನ ತಳವನ್ನು ಕೆರೆದು ತಿನ್ನುವ ಮನೆಯೂ ಉಂಟು. ಗಿರಾಕಿಗೆ ಇಟ್ಟ ಹುಳಿಯೇ ಬೇರೆ, ಆಳುಗಳಿಗೆ ನೀರು ಬೆರಸಿದ ಹುಳಿಯೇ ಬೇರೆ ಎಂಬ ಕ್ರಮವೂ ಉಂಟು. ಇದಕ್ಕೆ ವಿರುದ್ಧವಾಗಿ, ಬಾಗಿಲು ತೆರೆಯುವುದಕ್ಕೆ ಮುಂಚೆ ಎಲ್ಲರೂ ಬಿಸಿ ತಿಂಡಿ ತಿಂದು ಕಾಫಿ ಕುಡಿದೇ ಕೆಲಸಕ್ಕೆ ನಿಲ್ಲಬೇಕೆಂಬ ನಿಯಮವಿರುವ ಮನೆಯೂ ಇದ್ದೀತು. ಅಲ್ಲಿ ಬಡಿಸುವವನ ಮುಖವೇ ಬೇರೆಯಾಗಿರುತ್ತದೆ. ಹಸಿದವನ ಕೈಯಿಂದ ಹಸಿದವನಿಗೆ ಬಡಿಸಿಸುವುದರಲ್ಲಿ ಏನೋ ಒಂದು ಕ್ರೌರ್ಯವಿದೆಯೆಂಬುದನ್ನು ಯೋಚಿಸಿದವರು ಕಡಿಮೆ. ಕುಳಿತುಕೊಳ್ಳುವುದೂ ಹೀಗೆಯೇ. ಉಣ್ಣುವವನಿಗೆ ಆಸನವುಂಟು, ಲೆಕ್ಕ ಬರೆಯುವವನಿಗೆ ಆಸನವುಂಟು. ಬಡಿಸುವವನಿಗೆ ಹತ್ತು ಗಂಟೆಯ ಕಾಲವೂ ಗೋಡೆಯೇ ಆಸರೆ. ಅಂಗಡಿಯ ಆಳುಗಳಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಶಾಸನದ ಮೂಲಕ ವಿಧಿಸಬೇಕಾಯಿತು. ಒಂದು ಸ್ಟೂಲಿಗಾಗಿ ಶಾಸನಸಭೆ ಸೇರಬೇಕಾಯಿತೆಂಬುದು ನಗುವ ಸಂಗತಿಯೋ ಅಳುವ ಸಂಗತಿಯೋ ವಾಚಕರೇ ನಿರ್ಣಯಿಸಬೇಕು.

ಗಿರಾಕಿಯು ದೇವರೆಂಬ ಮಾತೊಂದು ವ್ಯಾಪಾರಿಗಳಲ್ಲಿ ಪ್ರಚಾರದಲ್ಲಿದೆ. ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ಉಪನಿಷತ್ತಿನ ಉಪದೇಶವನ್ನು ಇದಕ್ಕೆ ಆಧಾರವೆಂದು ಹೇಳುವವರೂ ಇದ್ದಾರೆ. ಇದು ಸರಿಯಾದ ಅನ್ವಯವಲ್ಲ. ತಿಥಿಯನ್ನು ಹೇಳದೆ ಬಂದು ಬೆಲೆ ಕೊಡದೆ ಉಂಡು ಹೋಗುವವನು ಅತಿಥಿ. ಹಣ ಕೊಟ್ಟು ದೋಸೆ ಕೊಳ್ಳುವವನು ಗೌರವಾರ್ಹನೇ, ದೇವರಲ್ಲ. ದೇವರೆಂದು ಒಪ್ಪಿಬಿಟ್ಟರೆ ಅವನು ಮಾಣಿಯನ್ನು ಏಕವಚನದಲ್ಲಿ ಗದರಿಸಿದರೂ, ಕಾಫಿ ತಡವಾಯಿತೆಂದು ಲೋಟ ತಳ್ಳಿದರೂ ಯಜಮಾನನು ಕೈಮುಗಿದೇ ನಿಲ್ಲಬೇಕಾಗುತ್ತದೆ. ಅಂತಹ ಸಮಯದಲ್ಲಿ ಗಲ್ಲಾದಿಂದ ಎದ್ದು ಬಂದು, “ಸ್ವಾಮಿ, ತಡವಾದುದು ಒಳಗಿನ ಒಲೆಯಿಂದ, ಹುಡುಗನ ಮೇಲೆ ಕೂಗಬೇಡಿ, ನನಗೆ ಹೇಳಿ” ಎನ್ನುವ ಯಜಮಾನನು ಒಬ್ಬ ಗಿರಾಕಿಯನ್ನು ಕಳೆದುಕೊಂಡಾನು. ಆ ಒಂದು ಮಾತು ಒಂದು ತಿಂಗಳ ಭಕ್ಷೀಸಿಗಿಂತ ಹೆಚ್ಚಿನದೆಂಬುದು ಆ ಹುಡುಗನಿಗೆ ಗೊತ್ತು.

ಇನ್ನೊಂದು ಮಾತು ಇದಕ್ಕಿಂತಲೂ ಸೂಕ್ಷ್ಮವಾದುದು. “ನಮ್ಮಲ್ಲಿ ಆಳು ಯಜಮಾನ ಎಂಬ ಭೇದವೇ ಇಲ್ಲ, ಎಲ್ಲರೂ ನನ್ನ ಮಕ್ಕಳಂತೆ” ಎಂದು ಹೇಳಿಕೊಳ್ಳುವ ಯಜಮಾನರುಂಟು. ಹೇಳುವಾಗ ಅವರ ಮನಸ್ಸು ಶುದ್ಧವಾಗಿಯೇ ಇರಬಹುದು. ಆದರೆ ಮನೆಯ ಮಗನಿಗೆ ಕೆಲಸದ ಹೊತ್ತೆಂಬುದಿಲ್ಲ, ವಾರದ ರಜೆಯೆಂಬುದಿಲ್ಲ, ಸಂಬಳವನ್ನು ಕೇಳುವ ಬಾಯಿಲ್ಲ. ಇವೆಲ್ಲ ಇಲ್ಲದಿದ್ದರೂ ಅವನಿಗೆ ಕೊನೆಗೆ ಆಸ್ತಿಯಲ್ಲಿ ಪಾಲುಂಟು. ಹೋಟಲಿನ ‘ಮಗ’ನಿಗೆ ಮೊದಲಿನ ಮೂರು ಇಲ್ಲದಿರುವುದು ಮಾತ್ರ ನಿಜವಾಗಿ, ಕೊನೆಯದು ಬರಿಯ ಮಾತಾಗಿ ಉಳಿಯುವುದೇ ಹೆಚ್ಚು. ಮುಂಗಡದ ಹಣದ ಕಥೆಯೂ ಇಂಥದೇ. ತಂಗಿಯ ಮದುವೆಗೆಂದು ಇಪ್ಪತ್ತು ಸಾವಿರ ರೂಪಾಯಿ ಕೈಗೆ ಕೊಟ್ಟವನು ಆ ದಿನ ದೇವರಾಗಿ ಕಾಣುತ್ತಾನೆ. ಮರುವರ್ಷ ಆ ಹುಡುಗನು ಬೇರೆಕಡೆ ಹೆಚ್ಚು ಸಂಬಳಕ್ಕೆ ಹೋಗುವೆನೆಂದಾಗ ಅದೇ ಹಣವು ಕಾಲಿನ ಸಂಕೋಲೆಯಾಗುತ್ತದೆ. ಸಾಲದಿಂದ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ನಿರ್ಮೂಲನ ಶಾಸನವು ಅಪರಾಧವೆಂದಿತು. ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ಉಳಿಸದ ಉಪಕಾರವು ಉಪಕಾರವಲ್ಲ.

ಹುಡುಗರ ವಿಷಯ ಬಂದುದರಿಂದ ಒಂದು ಮಾತು ಇಲ್ಲಿಯೇ ಹೇಳತಕ್ಕದ್ದು. ಬೊಂಬಾಯಿಯ ಕನ್ನಡ ರಾತ್ರಿಶಾಲೆಗಳ ಕೀರ್ತಿಯನ್ನು ಕೇಳದ ಕನ್ನಡಿಗರು ವಿರಳ. ಹಗಲೆಲ್ಲ ಹೋಟಲಿನಲ್ಲಿ ಲೋಟ ತೊಳೆದ ಕರಾವಳಿಯ ಹುಡುಗರು ಸಂಜೆ ಆ ಶಾಲೆಗಳಲ್ಲಿ ಕುಳಿತು ಓದಿ ಪರೀಕ್ಷೆಗಳನ್ನು ಮುಗಿಸಿದರು. ಗುಮಾಸ್ತರೂ ವಕೀಲರೂ ಆದವರಿದ್ದಾರೆ. ಹುಡುಗನನ್ನು ಸಂಜೆ ಹೊತ್ತಿಗೆ ಸರಿಯಾಗಿ ಬಿಟ್ಟುಕೊಟ್ಟ ಯಜಮಾನರನ್ನು ಸ್ಮರಿಸುವುದು ನ್ಯಾಯ. ಸಂಜೆಯೆಂದರೆ ವ್ಯಾಪಾರದ ಹೊತ್ತು, ಬಿಡುವುದು ಸುಲಭವಾಗಿರಲಿಲ್ಲ. ಮದರಾಸಿನ ವುಡ್‌ಲ್ಯಾಂಡ್ಸಿನ ಸ್ಥಾಪಕರಾದ ಕೆ. ಕೃಷ್ಣರಾಯರಂತೆ ಅಡಿಗೆಮನೆಯ ಕೈಯಾಳಾಗಿ ಆರಂಭಿಸಿ ಯಜಮಾನರಾದವರಿಗೆ ಈ ಕಷ್ಟದ ಒಳಹೊರಗು ಗೊತ್ತಿದ್ದೀತು. ಆದರೆ ರಾತ್ರಿಶಾಲೆಯನ್ನು ಹೊಗಳುವ ಉತ್ಸಾಹದಲ್ಲಿ, ಆ ಹುಡುಗರು ಹಗಲುಶಾಲೆಯಲ್ಲಿ ಇರಬೇಕಾದವರೆಂಬುದನ್ನು ಮರೆಯುವ ಅಭ್ಯಾಸವು ಬಹುಕಾಲ ನಡೆಯಿತು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಹೋಟಲುಗಳಲ್ಲಿ ದುಡಿಸಕೂಡದೆಂಬ ಆಜ್ಞೆಯು ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಒಳ್ಳೆಯ ಯಜಮಾನನಿದ್ದನೆಂಬುದು ಕೆಟ್ಟ ವ್ಯವಸ್ಥೆಗೆ ಸಮಾಧಾನವಾಗಬಾರದು.

ಆಳುಗಳೇ ಯಜಮಾನರಾದರೆ ಪ್ರಶ್ನೆಯೇ ಇಲ್ಲವಲ್ಲ ಎಂದು ಕೆಲವರು ಹೇಳಿಯಾರು. ಅದಕ್ಕೂ ದೃಷ್ಟಾಂತವಿದೆ. ಕಾಫಿಮಂಡಲಿಯವರು ನಡೆಸುತ್ತಿದ್ದ ಕಾಫಿಗೃಹಗಳನ್ನು 1950ರ ದಶಕದಲ್ಲಿ ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು, ಎ. ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಬಡಿಸುವವನೇ ಪಾಲುದಾರನಾದ ಆ ಕಾಫಿಗೃಹಗಳು ಎರಡು ಮೂರು ತಲೆಮಾರುಗಳ ಪ್ರೀತಿಯನ್ನು ಗಳಿಸಿದವು. ಆದರೂ ಬಾಡಿಗೆ, ಬೆಲೆ, ಶಿಸ್ತುಗಳ ತೊಡಕು ಸಂಘಕ್ಕೂ ತಪ್ಪಲಿಲ್ಲ. ಬೆಂಗಳೂರಿನ ಮಹಾತ್ಮಾಗಾಂಧಿ ರಸ್ತೆಯಲ್ಲಿದ್ದ ಅವರ ಹಳೆಯ ಮನೆಯನ್ನು 2009ರಲ್ಲಿ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಮೇಲಾಗಿ, ಎಲ್ಲ ಸಣ್ಣ ಹೋಟಲುಗಳೂ ಸಂಘಗಳಾಗುವ ಕಾಲವು ದೂರವಿದೆ. ಒಬ್ಬ ಯಜಮಾನ, ಏಳೆಂಟು ಮಂದಿ ಕೈಯಾಳುಗಳು ಎಂಬುದೇ ನಮ್ಮ ತಾಲ್ಲೂಕು ಕೇಂದ್ರಗಳ ಸಾಮಾನ್ಯ ಚಿತ್ರ. ವಿಚಾರವು ಅಲ್ಲಿಗೇ ಬರಬೇಕು.

ಸಣ್ಣ ಹೋಟಲಿನ ವಿಶೇಷವೇನೆಂದರೆ ಶಾಸನದ ಕೈ ಅಲ್ಲಿಗೆ ಪೂರ್ತಿಯಾಗಿ ಎಟಕುವುದಿಲ್ಲ. ಅಂದಿನ ಮೈಸೂರು ರಾಜ್ಯದ 1961ರ ಅಂಗಡಿಗಳ ಶಾಸನವು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚಿಗೆ ದುಡಿಸಿದರೆ ಇಮ್ಮಡಿ ಕೂಲಿ ಎಂದು ಚಿಕ್ಕ ದೊಡ್ಡ ಎಲ್ಲ ಅಂಗಡಿಗಳಿಗೂ ವಿಧಿಸಿತು. ಆದರೆ ಸೇವಾಂತ್ಯದ ಉಪದಾನವನ್ನು ಕುರಿತ 1972ರ ಶಾಸನವು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವಂತೆ ರಚಿತವಾಯಿತು. ಐದು ವರ್ಷ ಮೀರಿ ದುಡಿದವನಿಗೆ ವರ್ಷವೊಂದಕ್ಕೆ ಹದಿನೈದು ದಿನದ ವೇತನದಂತೆ, ತಿಂಗಳಿಗೆ 26 ದಿನವೆಂದು ಲೆಕ್ಕಹಾಕಿ ಕೊಡಬೇಕೆಂಬುದು ಅದರ ತಾತ್ಪರ್ಯ. ಎಂಟು ಮಂದಿಯಿರುವ ಹೋಟಲಿಗೆ ಈ ಕಟ್ಟಳೆಯಿಲ್ಲ. ಹತ್ತನೆಯ ಆಳು ಬಂದ ದಿನ ಹುಟ್ಟುವ ಋಣವು ಎಂಟನೆಯವನಿಗೆ ಹುಟ್ಟಿಯೇ ಇರಲಿಲ್ಲವೆ? ಶಾಸನವು ಎಲ್ಲಿಯೋ ಒಂದು ಕಡೆ ಗೆರೆ ಎಳೆಯಲೇಬೇಕು. ಧರ್ಮಕ್ಕೆ ಆ ಗೆರೆಯು ಕಾಣುವುದಿಲ್ಲ.

ದೃಷ್ಟಾಂತಕ್ಕಾಗಿ ಒಬ್ಬ ಯಜಮಾನನನ್ನು ಕಲ್ಪಿಸಿಕೊಳ್ಳಬಹುದು. ಆತನಲ್ಲಿ ಎಂಟು ಮಂದಿ ಕೆಲಸದವರು. ಅವರಲ್ಲಿ ಅಡಿಗೆಯ ಭಟ್ಟರು 22 ವರ್ಷ ದುಡಿದವರು. ತಿಂಗಳ ವೇತನ 15,600 ರೂಪಾಯಿ. ಈಗ ಅವರ ಕಣ್ಣು ಮಂಜಾಗಿದೆ; ಒಮ್ಮೆ ಉಪ್ಪು ಎರಡು ಸಲ ಬಿದ್ದಿದೆ, ಒಮ್ಮೆ ಕೈಮೇಲೆ ಎಣ್ಣೆ ಚೆಲ್ಲಿದೆ. ಯಜಮಾನನ ಮಗನು, “ಅಪ್ಪಯ್ಯ, ಒಂದು ಶಾಲು ಹೊದಿಸಿ, ಹಣ್ಣು ಕೊಟ್ಟು, ಹತ್ತು ಸಾವಿರ ಕೈಗಿಟ್ಟು ಕಳುಹಿಸೋಣ; ಭಟ್ಟರೇನು ಬೇಡವೆನ್ನುವವರಲ್ಲ” ಎನ್ನುತ್ತಾನೆ. ಭಟ್ಟರು ಬೇಡವೆನ್ನುವುದಿಲ್ಲ, ನಿಜ. ಕೇಳಿ ಅಭ್ಯಾಸವಿಲ್ಲದವನ ಮೌನವನ್ನು ಸಮ್ಮತಿಯೆಂದೆಣಿಸುವುದು ಲೋಕದಲ್ಲಿ ಹಳೆಯ ಅನುಕೂಲ. ಶಾಸನದ ಲೆಕ್ಕವು ಇಲ್ಲಿ ಅನ್ವಯಿಸಿದ್ದರೆ ವರ್ಷಕ್ಕೆ 9,000ದಂತೆ 1,98,000 ರೂಪಾಯಿ ಆಗುತ್ತಿತ್ತು. ಶಾಲಿಗೂ ಇದಕ್ಕೂ ನಡುವೆ ಇರುವ ಅಂತರವೇ ದಾನಕ್ಕೂ ಋಣಕ್ಕೂ ಇರುವ ಅಂತರ.

ಅಷ್ಟು ಹಣವು ಯಜಮಾನನಲ್ಲಿ ಇಲ್ಲವೆಂಬುದು ಸುಳ್ಳಲ್ಲ. ತಿಂಗಳ ಕೊನೆಗೆ ಬಾಡಿಗೆ, ಅನಿಲ, ಹಾಲು, ತರಕಾರಿಗಳ ಬಾಕಿ ತೀರಿದರೆ ಸಾಕೆಂಬ ಮನೆ ಅದು. ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಬೇಕು. ದಿನಕ್ಕೆ 300 ಮಂದಿ, ತಿಂಗಳಿಗೆ 26 ದಿನ. ಒಟ್ಟು 7,800 ಮಂದಿ ಅಲ್ಲಿ ಉಣ್ಣುತ್ತಾರೆ. ಭಟ್ಟರ ಹೆಸರಿನಲ್ಲಿ ತಿಂಗಳಿಗೆ 750 ರೂಪಾಯಿ ತೆಗೆದಿಟ್ಟಿದ್ದರೆ ಉಣ್ಣುವವನೊಬ್ಬನ ಪಾಲಿಗೆ ಹತ್ತು ಪೈಸೆಯೂ ಬೀಳುತ್ತಿರಲಿಲ್ಲ. ಎಂಟು ಮಂದಿಗೂ ಇದೇ ವೇತನವೆಂದು ಹಿಡಿದರೂ 6,000 ರೂಪಾಯಿ, ಎಂದರೆ ಎಲೆಯೊಂದಕ್ಕೆ 77 ಪೈಸೆ. ತೆಗೆದಿಡಲಿಲ್ಲವಾದುದರಿಂದ, ಈಗ ಭಟ್ಟರೊಬ್ಬರ ಹಣವನ್ನೇ 24 ಕಂತುಗಳಲ್ಲಿ ತೀರಿಸುವುದಾದರೆ ತಿಂಗಳಿಗೆ 8,250 ಬೇಕು. ಎಲೆಯೊಂದಕ್ಕೆ ಒಂದು ರೂಪಾಯಿ ಆರು ಪೈಸೆ. ಮಮತೆಯು ಮನಸ್ಸಿನಲ್ಲಿದ್ದು ಖಾತೆಪುಸ್ತಕದಲ್ಲಿ ಇಲ್ಲದಿದ್ದುದರ ಫಲವಿದು.

ಬೆಲೆ ಏರಿಸಿದರೆ ಗಿರಾಕಿಯು ಎದುರುಮನೆಗೆ ಹೋಗುತ್ತಾನೆಂದು ಮಗನು ಆಕ್ಷೇಪಿಸುತ್ತಾನೆ. ಕೆಲವರು ಹೋಗುವರು. ಅಗ್ಗದ ದೋಸೆಯ ಬೆಲೆಯಲ್ಲಿ ಯಾರ ಪಾಲು ಕಡಿತವಾಗಿದೆಯೆಂದು ತಿನ್ನುವವನು ಕೇಳುವುದಿಲ್ಲ. ಕೇಳಬೇಕಾದುದು ಅವನ ಕರ್ತವ್ಯವೂ ಹೌದು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟಲಿನ ತಿಂಡಿಗಳಿಗೆ ಬಹಳ ಕಡಿಮೆ ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿದಾಗ, 1924ರಿಂದ ನಡೆದು ಬಂದಿದ್ದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರಂತಹವರೂ ಗುಣವನ್ನು ಉಳಿಸಿಕೊಂಡು ಆ ಬೆಲೆಗೆ ಮಾರಲಾರದೆ ಸಿದ್ಧಪುಡಿಗಳ ವ್ಯಾಪಾರಕ್ಕೆ ಕೈಹಾಕಬೇಕಾಯಿತು. ಬೆಲೆಯನ್ನು ಕೆಳಗೆ ಒತ್ತಿದರೆ ಎಲ್ಲಿಯೋ ಒಂದು ಕಡೆ ಉಬ್ಬಲೇಬೇಕು. ದೊಡ್ಡ ಮನೆಗೆ ಬೇರೆ ದಾರಿ ಸಿಕ್ಕಿತು. ಸಣ್ಣ ಮನೆಯಲ್ಲಿ ಅದು ಉಬ್ಬುವುದು ಆಳಿನ ಬೆನ್ನಿನ ಮೇಲೆ.

ಇಷ್ಟರಮೇಲೂ ಒಂದು ನಿಜವಾದ ಸಂಕಟ ಉಳಿಯುತ್ತದೆ. ಭಟ್ಟರ ಋಣವನ್ನು ತೀರಿಸಹೋಗಿ ಅಂಗಡಿಯೇ ಮುಳುಗಿದರೆ ಉಳಿದ ಏಳು ಮಂದಿಯ ಗತಿಯೇನು? ಒಬ್ಬನಿಗೆ ನ್ಯಾಯ ಸಲ್ಲಿಸಿ ಏಳು ಮಂದಿಯನ್ನು ಬೀದಿಗೆ ಬಿಡುವುದು ಧರ್ಮವೆನಿಸದು. ಇಲ್ಲಿ ಆಪಸ್ತಂಬನ ಕ್ರಮವೇ ದಾರಿಯನ್ನು ತೋರಿಸುತ್ತದೆ. ಅಭಾವವು ಬಂದರೆ ಮೊದಲು ಕಡಿಮೆಯಾಗಬೇಕಾದುದು ಯಜಮಾನನದು, ಆಮೇಲೆ ಅವನ ಮನೆಯವರದು. ಗಿರಾಕಿಯ ಬೆಲೆಗೆ ಕೈಹಾಕುವುದಕ್ಕೆ ಮುಂಚೆ, ಅಂಗಡಿಯು ಮುಳುಗುವುದೆಂದು ಹೆದರಿಸುವುದಕ್ಕೆ ಮುಂಚೆ, ಈ ವರ್ಷ ಕೊಳ್ಳಬೇಕೆಂದಿರುವ ಹೊಸ ಮೋಟಾರು ಸೈಕಲ್ಲಿನ ಕಂತಿನ ಕಡೆಗೆ ಅಪ್ಪನೂ ಮಗನೂ ಒಮ್ಮೆ ನೋಡಬೇಕು. ಸೂತ್ರಕಾರನು ಮಗನನ್ನು ಹೆಸರಿಸಿಯೇ ಹೇಳಿದ್ದಾನೆ. ಅದನ್ನೂ ತೆಗೆದ ಮೇಲೆ ಸಾಲದಿದ್ದರೆ ಕಂತನ್ನು 24ರಿಂದ 36ಕ್ಕೆ ಏರಿಸಿ ಭಟ್ಟರಿಗೇ ಲೆಕ್ಕವನ್ನು ತೋರಿಸಿ ಒಪ್ಪಿಗೆ ಪಡೆಯುವುದರಲ್ಲಿ ದೋಷವಿಲ್ಲ. ಸಾಲಗಾರನು ಅವಧಿಯನ್ನು ಕೇಳಬಹುದು, ಸಾಲವೇ ಇಲ್ಲವೆನ್ನಕೂಡದು.

ಭಟ್ಟರು ಪೂರ್ತಿಯಾಗಿ ಬಿಟ್ಟುಹೋಗಬೇಕಾಗಿಯೂ ಇಲ್ಲ. ಒಲೆಯ ಮುಂದೆ ನಿಲ್ಲಲಾರದವರು ಹಿಟ್ಟಿನ ಹದವನ್ನು ಬೆರಳಿನಿಂದ ಮುಟ್ಟಿ ಹೇಳಬಲ್ಲರು. ಕಣ್ಣು ಮಂಜಾದರೂ ಇಂಗಿನ ವಾಸನೆಗೆ ಮೂಗು ಮಂಜಾಗಿಲ್ಲ. ಬೆಳಿಗ್ಗೆ ಎರಡು ಗಂಟೆಯ ಕಾಲ ಬಂದು ಹೊಸಬನಿಗೆ ಕಲಿಸಲಿ, ಅದಕ್ಕೆ ತಕ್ಕ ವೇತನವಿರಲಿ. ಮಗನು ಈ ಹೊಸ ವೇತನವನ್ನು ಹಳೆಯ ಕಂತಿನಲ್ಲಿ ಕಳೆದುಕೊಳ್ಳೋಣವೆಂದಾನು. ಲೆಕ್ಕದಲ್ಲಿ ಚುರುಕಾದ ಹುಡುಗ. ಹಾಗೆ ಕಳೆದರೆ ಭಟ್ಟರ ಹಿಂದಿನ ದುಡಿಮೆಯ ಹಣದಿಂದಲೇ ಅವರ ಇಂದಿನ ದುಡಿಮೆಯನ್ನು ಕೊಂಡಂತಾಗುತ್ತದೆ. ಎರಡಕ್ಕೂ ಖಾತೆಯಲ್ಲಿ ಬೇರೆ ಬೇರೆ ಪುಟಗಳಿರಬೇಕು.